ಟೇಪಿನ ಇನ್ನೊಂದು ತುದಿ

ಕಳೆದ ವಾರ ನೇತ್ರಾವತಿ ಏರತೊಡಗಿದಾಗ, ಬಂಟ್ವಾಳ ಪೇಟೆಯಲ್ಲಿ ನಾನಿರುವ ಬಾಡಿಗೆ ಕೋಣೆಯ ಯಜಮಾನಿ ಬಂದು ಕೆಳಗಿನ ಸಾಮಾನನ್ನೆಲ್ಲ ಅಟ್ಟಕ್ಕೆ ಏರಿಸಲು ಹೇಳಿದರು. ಇಲ್ಲಿ ಇದು ಮಳೆಗಾಲದಲ್ಲಿ ಒಮ್ಮೆಯಾದರೂ ಇದ್ದದ್ದೇ. ಮೊದಲು ಅಕ್ಕಿಯ ಡಬ್ಬ, ಆಮೇಲೆ ಡೈರಿಗಳು, ಆಮೇಲೆ ತಗಡಿನ ಪೆಟ್ಟಿಗೆ ಎಂದು ಪಟ್ಟಿ ಮಾಡಿಕೊಂಡೇ ಏರಿಸಿದೆ. ಪೆಟ್ಟಿಗೆಯ ತಳದಲ್ಲಿ ಮೂವತ್ತು ಮೀಟರಿನ ಹಳದಿ ಟೇಪು ಸಿಕ್ಕಿತು. ಕೈಗೆತ್ತಿಕೊಂಡ ಕೂಡಲೇ ವಾಸನೆ ಬಂತು. ಹುಳಿಯೂ ಹೊಗೆಯೂ ಸೇರಿದ, ರಬ್ಬರ್ ಶೀಟನ್ನು ಒಲೆಯ ಮೇಲೆ ಒಣಗಿಸುವ ಮನೆಗಳ ವಾಸನೆ. ಆ ಟೇಪು ಒಮ್ಮೆ ಸಂಜೀವಣ್ಣನ ಅಡುಗೆಮನೆಯಲ್ಲಿ, ಶೀಟುಗಳ ಪಕ್ಕದ ಹಲಗೆಯ ಮೇಲೆ ನಾಲ್ಕು ದಿನ ಇತ್ತು. ಅಷ್ಟಕ್ಕೇ ಹಿಡಿದ ವಾಸನೆ ಇನ್ನೂ ಬಿಟ್ಟಿಲ್ಲ.

ಅಟ್ಟದ ಏಣಿಯ ಮೇಲೆಯೇ ಕೂತು ಆ ವರ್ಷದ ಡೈರಿ ತೆರೆದೆ.

ಅದು ನನ್ನ ಮೊದಲ ನೌಕರಿಯ ಮಳೆಗಾಲ. ಮೂಡುಬಿದಿರೆಯಲ್ಲಿ ಹುಟ್ಟಿ ಬೆಳೆದ ನನಗೆ ಬೆಳ್ತಂಗಡಿ ತಾಲೂಕಿನಲ್ಲಿ, ನೆರಿಯದ ಕಡೆ ಕಾಡಿಗೆ ತಾಗಿದಂತಿರುವ ಒಂದು ಪಂಚಾಯತಿನಲ್ಲಿ ಲೆಕ್ಕ ಸಹಾಯಕಿಯ ಕೆಲಸ ಸಿಕ್ಕಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಓದಿದರೆ ಅವರಿಗೇ ತಿಳಿಯುತ್ತದೆ. ಜೂನ್ 2ರಂದು ಸೇರಿದೆ. ಎರಡು ವಾರ್ಡುಗಳ 312 ಮನೆಗಳ ತೆರಿಗೆ ವಸೂಲಿ ನನ್ನ ಪಾಲಿಗೆ ಬಂತು. ಬೆಳ್ತಂಗಡಿ ಪೇಟೆಯಲ್ಲಿ ನನ್ನ ಸ್ವಂತ ದುಡ್ಡು ಕೊಟ್ಟು ಈ ಟೇಪು ಕೊಂಡೆ, ಏಕೆಂದರೆ ಕಚೇರಿಯ ಟೇಪಿನ ಮೊದಲ ಎರಡು ಅಡಿ ಹರಿದುಹೋಗಿತ್ತು.

ದಾರಿ ತೋರಿಸಲು ಜೊತೆಗೆ ಕಳಿಸಿದ್ದು ಸಂಜೀವಣ್ಣನನ್ನು. ಅವರು ಪಂಚಾಯತಿನ ನೀರು ಬಿಡುವವರು. ವಯಸ್ಸು ಐವತ್ತರ ಹತ್ತಿರ. ಬೆಳಿಗ್ಗೆ ಆರಕ್ಕೆ ಪಂಪು ಹಾಕಿ, ಒಂದೊಂದೇ ವಾಲ್ವು ತಿರುಗಿಸಿ, ಒಂಬತ್ತರೊಳಗೆ ಊರಿಗೆಲ್ಲ ನೀರು ಮುಟ್ಟಿಸಿ ಆಮೇಲೆ ನನ್ನೊಡನೆ ಹೊರಡುತ್ತಿದ್ದರು. ಅವರ ಸಂಬಳದ ಒಂದು ಪಾಲನ್ನು ಪಂಚಾಯತು ತನ್ನ ಸ್ವಂತ ತೆರಿಗೆಯಿಂದಲೇ ಕೊಡಬೇಕು. ತೆರಿಗೆ ಬಾರದೆ ಆ ಪಾಲು ಐದು ತಿಂಗಳು ಬಾಕಿ ಉಳಿದಿತ್ತು. ಹಾಗಾಗಿ ನಾವಿಬ್ಬರೂ ಅವರ ಸಂಬಳವನ್ನೇ ಹುಡುಕಿಕೊಂಡು ಮನೆಮನೆ ಹತ್ತಿ ಇಳಿಯುತ್ತಿದ್ದೆವು ಎನ್ನಬಹುದು.

ಜೂನ್ 4ರ ಬೆಳಿಗ್ಗೆ, ಮೊದಲ ಮನೆ ತಲುಪುವ ಮೊದಲೇ ಅವರು ರಸ್ತೆಯ ಮೇಲೆ ನಿಂತು ಕಿಸೆಯಿಂದ ನೂರರ ನೋಟು ತೆಗೆದರು.

"ನನ್ನದನ್ನೇ ಮೊದಲು ಬರೀರಿ ಮೇಡಂ. ಎರಡು–ನೂರ ಹದಿನೆಂಟು ನಂಬ್ರ, ತೊಂಬತ್ತಾರು ರೂಪಾಯಿ. ಬೋಣಿ ಒಳ್ಳೆದಾಗ್ಲಿ."

ರಿಜಿಸ್ಟರಿನಲ್ಲಿ ನೋಡಿದೆ. 2-118, ಮಣ್ಣಿನ ಗೋಡೆ, ಹೆಂಚಿನ ಮಾಡು, 280 ಚದರ ಅಡಿ. ಕೈಯಲ್ಲಿದ್ದ ರಶೀದಿ ಮೆಷಿನಿನಿಂದ ಚೀಟಿ ಹರಿದು ಕೊಟ್ಟೆ. 'ಮನೆ ಇದೆ, ತೆರಿಗೆ ಪಾವತಿ' ಎಂದು ಗುರುತು ಹಾಕಿದೆ. ನನ್ನ ನೌಕರಿಯ ಮೊದಲ ರಶೀದಿ ಅದು. ಡೈರಿಯಲ್ಲಿ ಅದರ ಸುತ್ತ ಒಂದು ಚೌಕವನ್ನೂ ಎಳೆದಿದ್ದೇನೆ.

ಜೂನ್ 30ರ ಲೆಕ್ಕ ಹೀಗಿದೆ. ಕೊಟ್ಟವರು 61. ನಾಳೆ ಬನ್ನಿ ಎಂದವರು 88. ನೀರೇ ಸರಿ ಬಾರದಿರುವಾಗ ತೆರಿಗೆ ಎಂತದು ಎಂದವರು 53. ಗಂಡಸರು ಮನೆಯಲ್ಲಿಲ್ಲ 47. ಗಲ್ಫಿನಿಂದ ಮಗ ಬಂದ ಮೇಲೆ 29. ಬಾಗಿಲು ಹಾಕಿತ್ತು 25. ನಾಯಿ 9. ನೀರಿನ ಮಾತು ಬಂದಾಗಲೆಲ್ಲ ಸಂಜೀವಣ್ಣ ಅಂಗಳದ ನಲ್ಲಿಯನ್ನು ಸುಮ್ಮನೆ ತಿರುಗಿಸುತ್ತಿದ್ದರು. ನೀರು ಬಂದರೆ ಏನೂ ಹೇಳದೆ ಮುಚ್ಚುತ್ತಿದ್ದರು. ಮನೆಯವರಿಗೂ ನಗು ಬರುತ್ತಿತ್ತು, ಆದರೆ ದುಡ್ಡು ಬರುತ್ತಿರಲಿಲ್ಲ. ಆ 61 ಜನರಲ್ಲೂ ಹೆಚ್ಚಿನವರು ರೇಶನ್ ಕಾರ್ಡಿಗೋ ಕರೆಂಟಿಗೋ ಪಂಚಾಯತಿನ ಒಂದು ಕಾಗದ ಬೇಕಾಗಿ ಕೊಟ್ಟವರು.

ಅಳತೆಯ ಪಾಠವನ್ನೂ ನನಗೆ ಅವರೇ ಹೇಳಿಕೊಟ್ಟರು. ನನಗಿಂತ ಹಿಂದಿದ್ದವರು ಮನೆ ಅಳೆಯುವಾಗ ಟೇಪಿನ ಒಂದು ತುದಿಯನ್ನು ಮನೆಯವರ ಕೈಗೇ ಕೊಡುತ್ತಿದ್ದರಂತೆ. ಮನೆಯವರು ತುದಿಯ ಮೂರು ನಾಲ್ಕು ಅಡಿಯನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು ಗೋಡೆಗೆ ಒತ್ತುತ್ತಿದ್ದರಂತೆ. ಪ್ರತಿ ಗೋಡೆಯೂ ಅಷ್ಟು ಗಿಡ್ಡ, ತೆರಿಗೆಯೂ ಅಷ್ಟು ಕಮ್ಮಿ. ಈ ಕೈಚಳಕದಲ್ಲಿ ಹೆಸರು ಮಾಡಿದವರು ಹಮೀದಾಕ. ಕ್ರಾಸಿನಲ್ಲಿ ಎರಡು ಮಾಳಿಗೆಯ ಟೆರೇಸು ಕಟ್ಟಡ, ಕೆಳಗೆ ನಾಲ್ಕು ಅಂಗಡಿಕೋಣೆ, ಇಬ್ಬರು ಮಕ್ಕಳು ಗಲ್ಫಿನಲ್ಲಿ. ಸಾಲದ್ದಕ್ಕೆ ನಮ್ಮ ವಾರ್ಡಿನ ಪಂಚಾಯತು ಸದಸ್ಯರು ಬೇರೆ. ರಿಜಿಸ್ಟರಿನಲ್ಲಿ ಆ ಕಟ್ಟಡ ಹದಿನಾಲ್ಕು ವರ್ಷಗಳಿಂದ ಹೆಂಚಿನ ಮಾಡಿನ 400 ಚದರ ಅಡಿ. ಈ ಕತೆ ಕೇಳಿದ ದಿನವೇ ಡೈರಿಯಲ್ಲಿ ಬರೆದೆ: ನಿಯಮ 3, ಮನೆಯವರ ಕೈಗೆ ಟೇಪು ಕೊಡಬಾರದು. ಅಂದಿನಿಂದ ಇನ್ನೊಂದು ತುದಿ ಯಾವಾಗಲೂ ಸಂಜೀವಣ್ಣನ ಕೈಯಲ್ಲಿ.

ಜುಲೈ 7ರಂದು ಹಮೀದಾಕನ ಅದೇ ಕಟ್ಟಡದ ಎದುರಿನ ಕೋಣೆಯಲ್ಲಿ ಒಂದು ಸಹಕಾರಿ ಸೊಸೈಟಿಯ ಶಾಖೆ ತೆರೆಯಿತು. ಒಂದು ಕೌಂಟರು, ಎರಡು ಕಂಪ್ಯೂಟರು, ಬಂಟ್ವಾಳದ ಕಡೆಯ ಒಬ್ಬ ಯುವ ಮೆನೇಜರು. ಅಲ್ಲಿಯವರೆಗೆ ಆ ಊರಿನಲ್ಲಿ ದುಡ್ಡು ಬೇಕಾದವರು ಬೆಳ್ತಂಗಡಿಗೆ ಹೋಗಿ ಚಿನ್ನ ಅಡವಿಡುತ್ತಿದ್ದರು, ಇಲ್ಲವೇ ಪರಿಚಯದವರ ಹತ್ತಿರ ಬಡ್ಡಿಗೆ ತರುತ್ತಿದ್ದರು. ಎರಡಕ್ಕೂ ಮನೆಯ ಕಾಗದ ಬೇಡ. ಸೊಸೈಟಿ ಮಾತ್ರ ಮನೆಯ ಮೇಲೆ ಸಾಲ ಕೊಡುತ್ತಿತ್ತು, ಬಡ್ಡಿಯೂ ಕಡಿಮೆ. ಮನೆ ಎಷ್ಟು ದೊಡ್ಡದು, ಗೋಡೆ ಯಾವುದರದ್ದು, ಮಾಡು ಯಾವುದರದ್ದು ಎಂಬುದಕ್ಕೆ ಮೆನೇಜರು ಕೇಳುತ್ತಿದ್ದದ್ದು ಪಂಚಾಯತಿನ ಖಾತೆ ಮತ್ತು ಆ ವರ್ಷದ ತೆರಿಗೆ ರಶೀದಿ.

ಜುಲೈ 14ರಂದು ಹಮೀದಾಕ ಕೊಡೆ ಮಡಚುತ್ತ ನನ್ನ ಮೇಜಿನ ಮುಂದೆ ಬಂದು ನಿಂತರು.

"ಮೇಡಂ, ನನ್ನ ಕಟ್ಟಡಕ್ಕೆ ತೆರಿಗೆ ಕಮ್ಮಿ ಆಯ್ತು ಅಂತ ಕಾಣ್ತದೆ. ಸ್ವಲ್ಪ ಜಾಸ್ತಿ ಮಾಡ್ಲಿಕ್ಕೆ ಆಗ್ತದಾ?"

ನಾನು ಪೆನ್ನು ಕೆಳಗಿಟ್ಟೆ. ಬಾಗಿಲಲ್ಲಿ ನಿಂತಿದ್ದ ಸಂಜೀವಣ್ಣ, "ಹಮೀದಾಕ, ನಿಮಗೆ ಜ್ವರ ಉಂಟಾ?" ಎಂದರು.

"ನೀನು ಸುಮ್ಮನಿರು ಮಾರಾಯ. ಟೇಪು ತೆಗೊಂಡು ಬಾ."

ಮೇಲಿನ ಮಾಳಿಗೆಯಲ್ಲಿ ಮಗನಿಗೆ ಮನೆ ಮಾಡಿಸಲು ಅವರಿಗೆ ಸಾಲ ಬೇಕಿತ್ತು. ಕಾಗದದ 400 ಚದರ ಅಡಿಗೆ ಮೆನೇಜರು ಹೇಳಿದ ಮೊತ್ತ ಕೇಳಿ ಅವರಿಗೆ ಸಾಕಾಗಿ ಹೋಗಿತ್ತು. ಅಳತೆಯ ದಿನ ಅವರು ಸಂಜೀವಣ್ಣನ ಹಿಂದೆಯೇ ನಡೆದು, ಮೆಟ್ಟಿಲು ಬಿಟ್ಟುಹೋಯಿತು, ಹಿಂದಿನ ಶೌಚಾಲಯ ಬಿಟ್ಟುಹೋಯಿತು, ಟೇಪು ಜಗ್ಗಿ ಹಿಡಿ ಎಂದು ಹೇಳಿಹೇಳಿ ಒಟ್ಟು 2,340 ಚದರ ಅಡಿ ಬರೆಸಿದರು.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಇಪ್ಪತ್ತು ವರ್ಷ ತೆರಿಗೆ ಇಳಿಸಲು ಜಗಳವಾಡಿದವರು ಈಗ ಏರಿಸಿಕೊಳ್ಳಲು ಸಾಲಿನಲ್ಲಿ ನಿಲ್ಲುತ್ತಿದ್ದರು. ಆಟಿ ತಿಂಗಳ, ಅಂದರೆ ಆಷಾಢದ, ಜಡಿಮಳೆಯಲ್ಲಿ ಟೇಪು ಒರೆಸಿ ಒರೆಸಿ ನನ್ನ ಮೂರು ಕರವಸ್ತ್ರ ಹಾಳಾದವು. ಜುಲೈ 14ರಿಂದ ಆಗಸ್ಟ್ 9ರವರೆಗೆ ಮರು ಅಳತೆ ಮಾಡಿದ ಮನೆಗಳು 58. ತೆರಿಗೆ ಕೊಟ್ಟವರು 61ರಿಂದ 203ಕ್ಕೆ ಏರಿದರು. ಪಂಚಾಯತಿನ ಬ್ಯಾನರಿನಿಂದಾಗಲಿ, ಮೈಕು ಕಟ್ಟಿದ ರಿಕ್ಷಾದಿಂದಾಗಲಿ, ನನ್ನ ಚಪ್ಪಲಿ ಸವೆದದ್ದರಿಂದಾಗಲಿ ಆಗದ್ದು ಹತ್ತಡಿ ಕೋಣೆಯ ಒಂದು ಸೊಸೈಟಿಯಿಂದ ಆಯಿತು. ಡೈರಿಯ ಬಲಪುಟದಲ್ಲಿ ಇನ್ನೊಂದು ಅಂಕಿಯೂ ಇದೆ. ಜಾಗಕ್ಕೇ ಕಾಗದ ಇಲ್ಲದ್ದರಿಂದ ಸಾಲ ಕೇಳಲೂ ಹೋಗದವರು, 17. ಅವರಲ್ಲಿ ಯಾರೂ ನನ್ನ ಮೇಜಿನ ಹತ್ತಿರ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿ ಬರೆದುಕೊಂಡದ್ದು.

ಆಗಸ್ಟ್ 1ರಂದು ಸಂಜೀವಣ್ಣನಿಗೆ ಬಾಕಿಯಲ್ಲಿ ಮೂರು ತಿಂಗಳದ್ದು ಸಿಕ್ಕಿತು. ಅಂದು ವಾಲ್ವಿನ ಗುಂಡಿಯ ಪಕ್ಕದಲ್ಲಿ ನಿಂತು ಮಗಳ ವಿಷಯ ಹೇಳಿದರು. ರಕ್ಷಿತಾಳಿಗೆ ಮೂಡುಬಿದಿರೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಫೀಸು ಕಟ್ಟಲು ಆಗಸ್ಟ್ 30 ಕೊನೆಯ ದಿನ. ಅಷ್ಟು ದೊಡ್ಡ ಮೊತ್ತ ಸಂಬಳದಲ್ಲಿ ಎಲ್ಲಿಂದ ಬರಬೇಕು, ಅವರೂ ಮನೆಯ ಮೇಲೆ ಸಾಲ ಕೇಳಿದ್ದಾರೆ. "ನನಗೆ ಹೆದರಿಕೆ ಇಲ್ಲ ಮೇಡಂ," ಎಂದರು. "ಒಂದು ವರ್ಷವೂ ತೆರಿಗೆ ಬಾಕಿ ಇಟ್ಟವನಲ್ಲ. ಎಲ್ಲ ರಶೀದಿಯೂ ಉಂಟು." ನಾನು ಡೈರಿಯಲ್ಲಿ ಆಗಸ್ಟ್ 30ಕ್ಕೆ ಕೆಂಪು ಗೆರೆ ಎಳೆದೆ. ನಮ್ಮೂರಿನಲ್ಲಿ ಅವಳಿಗೆ ಹಾಸ್ಟೆಲು ಬೇಕಾದರೆ ವಿಚಾರಿಸುತ್ತೇನೆ ಎಂದೂ ಹೇಳಿದೆ.

ಆಗಸ್ಟ್ 11ರ ಮಧ್ಯಾಹ್ನ ಸೊಸೈಟಿಯ ಮೆನೇಜರು ಸಂಜೀವಣ್ಣನ ಮನೆ ನೋಡಲು ಹೋದವರು ಅಲ್ಲಿಂದ ನೇರ ಪಂಚಾಯತಿಗೆ ಬಂದರು. ಪ್ಯಾಂಟಿಗೆ ಮೊಣಕಾಲಿನವರೆಗೆ ಕೆಸರು.

"ಮೇಡಂ, 2-118 ನೀವು ನೋಡಿದ್ದೀರಾ?"

ನೋಡಿದ್ದೇನೆ ಎನ್ನಲು ಬಾಯಿ ತೆರೆದೆ. ಬದಲಿಗೆ ರಿಜಿಸ್ಟರಿನ ಆ ಪುಟ ತೆಗೆದೆ.

"ಕಾಗದದಲ್ಲಿರುವ ಮನೆ ಜಾಗದಲ್ಲಿಲ್ಲ. ರಸ್ತೆ ಬದಿಯಲ್ಲಿ ಒಂದು ಪಂಚಾಂಗ ಮಾತ್ರ ಉಂಟು, ಅದರ ಮೇಲೆ ನಾಲ್ಕು ಬಾಳೆ. ಅವರು ಇರುವ ಮನೆ ಮೇಲೆ ಗುಡ್ಡೆಯಲ್ಲಿ ಉಂಟು. ಅದಕ್ಕೆ ನಂಬ್ರವೇ ಇಲ್ಲ. ನಾನು ಯಾವುದರ ಮೇಲೆ ಸಾಲ ಕೊಡುವುದು ಹೇಳಿ."

ನಮ್ಮ ಕಡೆ ಮನೆಯ ಅಡಿಪಾಯಕ್ಕೆ ಪಂಚಾಂಗ ಎನ್ನುತ್ತಾರೆ. ಹನ್ನೊಂದು ವರ್ಷದ ಹಿಂದಿನ ಮಳೆಗೆ ಸಂಜೀವಣ್ಣನ ತಂದೆಯ ಕಾಲದ ಮಣ್ಣಿನ ಮನೆ ಬಿದ್ದು ಉಳಿದದ್ದು ಅಷ್ಟೇ. ಅದೇ ಇಪ್ಪತ್ತು ಸೆಂಟ್ಸು ಜಾಗದ ಮೇಲಿನ ತುದಿಯಲ್ಲಿ ಅವರು ಕೆಂಪುಕಲ್ಲಿನ ಹೊಸ ಮನೆ ಕಟ್ಟಿದರು. ತೆರಿಗೆಯನ್ನು ಮಾತ್ರ ಬಿದ್ದ ಮನೆಗೇ ಕೊಡುತ್ತ ಬಂದರು, ವರ್ಷವರ್ಷವೂ, ಎಲ್ಲರಿಗಿಂತ ಮೊದಲು.

ಸಂಜೆ ಪಂಪುಶೆಡ್ಡಿನ ಹತ್ತಿರ ಸಿಕ್ಕಿದಾಗ ಅವರ ಮುಖ ಸಣ್ಣದಾಗಿತ್ತು. "ಅಪ್ಪ ಸಾಯುವಾಗ ಹೇಳಿದ್ದು, ಮನೆಯ ನಂಬ್ರ ಬಿಡಬೇಡ ಅಂತ. ಮನೆ ಬಿದ್ದ ಕೂಡ್ಲೆ ನಂಬ್ರ ಬೀಳ್ತದಾ ಮೇಡಂ? ನಾನು ಅದೇ ನಂಬ್ರದಲ್ಲಿ ಇರುವುದು ಅಂತಲೇ ಎಣಿಸಿದ್ದು."

312 ಮನೆಗಳಲ್ಲಿ ನಾನು ಅಂಗಳಕ್ಕೆ ಕಾಲಿಡದ ಮನೆ ಅದೊಂದೇ. ನಾಯಿ ಅಟ್ಟಿಸಿಕೊಂಡು ಬಂದ ಒಂಬತ್ತು ಮನೆಗಳಿಗೂ ಎರಡನೆಯ ಸಲ ಹೋಗಿದ್ದೆ. ಎಲ್ಲರ ಮನೆಗೂ ಟೇಪಿನ ತುದಿ ಹಿಡಿದುಕೊಂಡು ಬರುವವರ ಮನೆಯನ್ನು ನೋಡಬೇಕೆಂದು ನನಗೆ ತೋಚಲೇ ಇಲ್ಲ.

ಆಗಸ್ಟ್ 13ರಂದು ಅಳತೆಗೂ ಮಹಜರಿಗೂ ಹೋದೆವು. ಮಹಜರೆಂದರೆ ಸ್ಥಳದಲ್ಲೇ ಕಂಡದ್ದನ್ನು ಬರೆದು ಸಾಕ್ಷಿಗಳ ಸಹಿ ಹಾಕಿಸುವುದು. ವಾರ್ಡಿನ ಸದಸ್ಯರೆಂದು ಹಮೀದಾಕನೂ ಬಂದಿದ್ದರು. ಮಳೆ ಸ್ವಲ್ಪ ಬಿಟ್ಟಿತ್ತು. ಕೆಂಪುಕಲ್ಲಿನ ಗೋಡೆ, ಗಾರೆ ಮಾಡಿರಲಿಲ್ಲ. ಒಳಗೆ ಒಲೆಯ ಮೇಲೆ ಹಗ್ಗದಲ್ಲಿ ಹತ್ತಿಪ್ಪತ್ತು ರಬ್ಬರ್ ಶೀಟು ತೂಗುತ್ತಿದ್ದವು. ಬಿಡುವಿನಲ್ಲಿ ಇನ್ನೊಬ್ಬರ ರಬ್ಬರ್ ಮರ ಟ್ಯಾಪಿಂಗ್ ಮಾಡಿ ಹಾಲು ಇಳಿಸಿಕೊಟ್ಟದ್ದಕ್ಕೆ ಅವರಿಗೆ ಸಿಗುವ ಪಾಲು ಅದು. ಗೋಡೆಯ ಮೂಲೆಗೆ ಹೋಗಿ ಅಭ್ಯಾಸದಂತೆ ಟೇಪಿನ ತುದಿಯನ್ನು ಸಂಜೀವಣ್ಣನ ಕಡೆ ಚಾಚಿದೆ. ಅವರು ಕೈ ಹಿಂದೆ ಕಟ್ಟಿಕೊಂಡರು.

"ನಾನು ಹಿಡಿಯುವ ಹಾಗಿಲ್ಲ ಮೇಡಂ. ಇವತ್ತು ನಾನು ಮನೆಯವ."

ಹಮೀದಾಕ ಮುಂಡು ಎತ್ತಿ ಕಟ್ಟಿ ಮುಂದೆ ಬಂದು ತುದಿ ತೆಗೆದುಕೊಂಡರು. ಗೋಡೆಗೆ ಒತ್ತಿ, ಬೆರಳುಗಳನ್ನು ಅಗಲಿಸಿ ನನಗೆ ತೋರಿಸಿದರು.

"ನೋಡಿಕೊಳ್ಳಿ, ಮುಷ್ಟಿಯಲ್ಲಿ ಎಂತದೂ ಇಲ್ಲ."

ರಕ್ಷಿತಾ ಬಾಗಿಲ ಹಿಂದೆ ನಕ್ಕದ್ದು ಕೇಳಿಸಿತು. ನಾವು ಗೋಡೆಯಿಂದ ಗೋಡೆಗೆ ಹೋಗುತ್ತಿದ್ದಷ್ಟು ಹೊತ್ತೂ ಸಂಜೀವಣ್ಣ ಅಂಗಳದ ನಡುವೆ ಸುಮ್ಮನೆ ನಿಂತಿದ್ದರು. ಕೈಗಳನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಒಟ್ಟು 610 ಚದರ ಅಡಿ. ತೆರಿಗೆ ವರ್ಷಕ್ಕೆ 640 ರೂಪಾಯಿ. ಚಹಾ ಕುಡಿದು ಹೊರಡುವ ಗಡಿಬಿಡಿಯಲ್ಲಿ ಟೇಪು ಅಲ್ಲಿಯೇ ಉಳಿಯಿತು. ಯಾರೋ ಅದನ್ನು ಒಣಗಲೆಂದು ಒಲೆಯ ಮೇಲಿನ ಹಲಗೆಗೆ ಇಟ್ಟರು.

ಅಳತೆ ಆದರೆ ಸಾಲದು, ಪಂಚಾಯತಿನ ಸಾಮಾನ್ಯ ಸಭೆ ಒಪ್ಪಬೇಕು. ಸಭೆ ಇದ್ದದ್ದು ಆಗಸ್ಟ್ 26ಕ್ಕೆ. ಅಲ್ಲಿಂದ ಫೀಸಿನ ಕೊನೆಯ ದಿನಕ್ಕೆ ನಾಲ್ಕೇ ದಿನ.

ಸಭೆಯಲ್ಲಿ ನಮ್ಮ ಅಭಿವೃದ್ಧಿ ಅಧಿಕಾರಿ ಪಿಡಿಒ ಸರ್ ನಿಯಮ ಓದಿದರು. ಹನ್ನೊಂದು ವರ್ಷ ನಂಬ್ರವಿಲ್ಲದೆ ಇದ್ದ ಮನೆಗೆ ಹಿಂದಿನ ಬಾಕಿ ಹಾಕಿದರೆ 7,040 ರೂಪಾಯಿ, ಮೇಲೆ ದಂಡ. ಬಾಕಿ ಕಟ್ಟದೆ ಹೊಸ ನಂಬ್ರ ಕೊಟ್ಟರೆ ನಾಳೆ ಎಲ್ಲರೂ ಅದನ್ನೇ ಕೇಳುತ್ತಾರೆ ಎಂದು ಒಬ್ಬ ಸದಸ್ಯರು ಹೇಳಿದರು. ನಮ್ಮ ನೌಕರನೆಂದು ಬಿಟ್ಟೆವು ಎಂಬ ಮಾತೂ ಬರುತ್ತದೆ ಎಂದರು. ಅವರು ಹೇಳಿದ್ದು ತಪ್ಪೇನೂ ಆಗಿರಲಿಲ್ಲ. ಸಂಜೀವಣ್ಣ ಹೊರಗೆ ಜಗಲಿಯಲ್ಲಿದ್ದರು. ಅಧ್ಯಕ್ಷೆ ವಾರಿಜಕ್ಕ ನನ್ನ ಕಡೆ ನೋಡಿದರು.

ನಾನು ಡೈರಿ ತೆಗೆದುಕೊಂಡೇ ಹೋಗಿದ್ದೆ. ಜೂನ್ 4ರ ಪುಟ ಓದಿದೆ. ಈ ಮನೆ ಇದೆ ಎಂದು ಬರೆದದ್ದು ನಾನು, ನೋಡದೆ ಬರೆದದ್ದು ಎಂದೆ. ಹಿಂದಿನ ಹತ್ತು ವರ್ಷದ ರಿಜಿಸ್ಟರುಗಳನ್ನೂ ತೆಗೆದು ನೋಡಿದ್ದೆ. ಪ್ರತಿ ವರ್ಷವೂ ಯಾರಾದರೊಬ್ಬರು ಅದೇ ಗುರುತು ಹಾಕಿದ್ದರು. ಅಷ್ಟು ಹೇಳಿ ಕೂತೆ.

ಹಮೀದಾಕ ಎದ್ದು, ತಪ್ಪು ಕಚೇರಿಯದ್ದೂ ಹೌದಲ್ಲ ಎಂದರು. "ಬಾಕಿ ಕೇಳುವುದಾದ್ರೆ ಕೇಳುವ. ಆದ್ರೆ ಇಲ್ಲದ ಮನೆಗೆ ನಾವು ಹನ್ನೊಂದು ವರ್ಷ ತೆಗೊಂಡ ದುಡ್ಡು ಮೊದಲು ಹಿಂದೆ ಕೊಡ್ಬೇಕಲ್ಲ. ದಂಡ ನಮಗೂ ಬೀಳ್ತದೆ."

ವಾರಿಜಕ್ಕ ಕನ್ನಡಕದ ಮೇಲಿಂದ ಅವರನ್ನು ನೋಡಿದರು. "ಹಮೀದಾಕ, ನೀವು ಹದಿನಾಲ್ಕು ವರ್ಷ ಇದ್ದ ಕಟ್ಟಡಕ್ಕೆ ಪೂರ್ತಿ ಕೊಡ್ಲಿಲ್ಲ. ಅವರು ಹನ್ನೊಂದು ವರ್ಷ ಇಲ್ಲದ ಮನೆಗೆ ಕೊಟ್ಟರು. ನಿಮ್ಮ ಬಾಕಿ ನಾವು ಕೇಳಿದ್ದೇವಾ?"

ಸಭೆ ನಕ್ಕಿತು. ಹಮೀದಾಕನೂ ನಕ್ಕು ಕೂತರು. ಪಿಡಿಒ ಸರ್ ಮಾತ್ರ ನಗದೆ ಯೋಚಿಸಿದರು, ಏಕೆಂದರೆ ಅದು ನಿಜವಾಗಿತ್ತು. ಜುಲೈಯಿಂದ ತಾವಾಗಿ ಬಂದು ತೆರಿಗೆ ಏರಿಸಿಕೊಂಡ 58 ಜನರಲ್ಲಿ ಯಾರಿಂದಲೂ ಹಿಂದಿನದ್ದನ್ನು ಕೇಳಿರಲಿಲ್ಲ. ಕೇಳಿದ್ದರೆ ಒಬ್ಬರೂ ಬರುತ್ತಿರಲಿಲ್ಲ. ಕೊನೆಗೆ ನಿರ್ಣಯ ಬರೆಸಿದರು: ಹಳೆಯ 2-118 ರದ್ದು, ಹೊಸ ಮನೆಗೆ 2-118/1, ತೆರಿಗೆ ಈ ವರ್ಷದಿಂದ, ಕಟ್ಟಿದ 96 ಕಳೆದು ಬಾಕಿ 544. ಹಿಂದಿನದ್ದಕ್ಕೆ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದದ್ದು ನಾನೇ.

ಸಂಜೀವಣ್ಣ ಅಂದೇ 544 ರೂಪಾಯಿ ಕಟ್ಟಲು ಬಂದರು. ಮೆಷಿನಿನ ಚೀಟಿ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಹೋಗದೆ ನಿಂತರು. ಈ ಚೀಟಿಯ ಅಕ್ಷರ ನಮ್ಮ ತೇವಕ್ಕೆ ವರ್ಷದೊಳಗೆ ಅಳಿಸಿಹೋಗುತ್ತದೆ, ಹಿಂದೆ ಪೆನ್ನಿನಲ್ಲಿಯೂ ಬರೆದು ಕೊಡಬೇಕು ಎಂದರು. ತಿರುಗಿಸಿ ಬರೆದೆ. ನಂಬ್ರ, ಮೊತ್ತ, ದಿನಾಂಕ. ಆಮೇಲೆ ಯಾವ ನಮೂನೆಯಲ್ಲೂ ಇಲ್ಲದ ಒಂದು ಸಾಲನ್ನು ಸೇರಿಸಿದೆ: 'ಮನೆ ನೋಡಿ ಬರೆದದ್ದು.' ಅವರು ಅದನ್ನು ನಿಧಾನವಾಗಿ ಎರಡು ಸಲ ಓದಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಕಿಸೆಯಲ್ಲಿಟ್ಟುಕೊಂಡರು.

ಆಗಸ್ಟ್ 28ರಂದು ಸಾಲ ಸಿಕ್ಕಿತು, ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ. ಉಳಿದದ್ದನ್ನು ಸಂಬಳದ ಬಾಕಿಯಿಂದ ತುಂಬಿಸಿದರು. 29ರಂದು ನಾನು ರಜೆ ಹಾಕಿ ಅವರಿಬ್ಬರೊಡನೆ ಮೂಡುಬಿದಿರೆಗೆ ಹೋದೆ. ಕೊನೆಯ ದಿನಕ್ಕೆ ಒಂದು ದಿನ ಮೊದಲೇ ಫೀಸು ಕಟ್ಟಿ ಆಯಿತು. ರಕ್ಷಿತಾ ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದಳು. ಸಂಜೀವಣ್ಣ ಉಳಿಯಲಿಲ್ಲ. ಬೆಳಿಗ್ಗೆ ಆರಕ್ಕೆ ನೀರು ಬಿಡಬೇಕಿತ್ತು.

ತಿಂಗಳ ಕೊನೆಯಲ್ಲಿ ನನ್ನ ಮನೆಗಳ ಪಟ್ಟಿಯನ್ನು ಮತ್ತೊಮ್ಮೆ ಕೂಡಿಸಿದೆ. ಒಂದು ಹೊಡೆದುಹಾಕಿದ್ದೆ, ಒಂದು ಸೇರಿಸಿದ್ದೆ. ಮೊತ್ತ ಮತ್ತೆ 312. ಆದರೆ ಜೂನಿನಲ್ಲಿ ಬರೆದ 312 ತಪ್ಪಾಗಿತ್ತು, ಆಗಸ್ಟಿನಲ್ಲಿ ಬರೆದದ್ದು ಸರಿ. ಎರಡೂ ಡೈರಿಯಲ್ಲಿ ಹಾಗೆಯೇ ಇವೆ.

ಈ ಸಲ ನೀರು ನಮ್ಮ ಮೂರನೆಯ ಮೆಟ್ಟಿಲಿನವರೆಗೆ ಬಂದು ಇಳಿಯಿತು. ಅಟ್ಟದಿಂದ ಸಾಮಾನು ಇಳಿಸುತ್ತಿದ್ದಾಗ ಸಂಜೀವಣ್ಣನ ಫೋನು ಬಂತು. ಬಂಟ್ವಾಳದ ನೆರೆಯನ್ನು ಟಿವಿಯಲ್ಲಿ ನೋಡಿದರಂತೆ. ಕ್ಷೇಮ ಸಮಾಚಾರ ಮುಗಿದ ಮೇಲೆ, ಈಗ ಇಲ್ಲಿ ಟೇಪು ಯಾರು ಹಿಡಿಯುತ್ತಾರೆ ಎಂದು ಕೇಳಿದರು. ಈಗಿರುವ ಬಂಟ್ವಾಳದ ಕಚೇರಿಯಲ್ಲಿ ಮನೆ ಅಳೆಯುವ ಕೆಲಸ ನನ್ನದಲ್ಲ ಎಂದೆ.

"ಆದ್ರೂ ಮನೆಗಳನ್ನು ಒಮ್ಮೆ ಹೋಗಿ ನೋಡಿ ಮೇಡಂ," ಎಂದರು.